ಹತ್ತು ನಿಮಿಷದ ರಾಜ

೧೯೯೨ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೆಯ ಇಯತ್ತೆಯ ನಡುವೆ, ದೀಪಾವಳಿ ಸೂಟಿ ಮುಗಿದ ಮರುದಿನ, ಓಣಿಯ ಹುಡುಗರು ಪಾಟಿಚೀಲ ಏರಿಸಿಕೊಂಡು ಹೊರಟಾಗ ನಾನು ಕರಣಿ ಹಿಡಿದು ಅಪ್ಪನ ಹಿಂದೆ ಹೊರಟೆ. ಅಪ್ಪ ಗೌಂಡಿ. ಸಿಮೆಂಟು ಹತ್ತಿ ಹತ್ತಿ ಅವನ ಅಂಗೈ ಒಡೆದು ರಕ್ತ ಬರುತ್ತಿತ್ತು. ಇನ್ನೊಂದು ಜೋಡಿ ಕೈ ಬೇಕಾಗಿತ್ತು, ನನ್ನವು ಇದ್ದವು. ಇದರ ಬಗ್ಗೆ ನನಗೆ ಯಾರ ಮೇಲೂ ಸಿಟ್ಟಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಡಿಮೆ ಓದಿದವನು ಸಿಟ್ಟಿನಿಂದ ಮಾತಾಡಿದರೆ ಓದಿದವರು ಕೂಡಲೇ ‘ಪಾಪ, ಶಾಲೆ ತಪ್ಪಿದ ಸಂಕಟ’ ಅನ್ನುತ್ತಾರೆ. ಅವರ ಪಾಪ ನನಗೆ ಬೇಡ. ನಾನು ಕಟ್ಟಿದ ಗೋಡೆಗಳು ಇತ್ತ ಸಂಶಿಯವರೆಗೆ, ಅತ್ತ ಕುಬಿಹಾಳದವರೆಗೆ ನಿಂತಿವೆ. ಯಾರು ಬೇಕಾದರೂ ಹೋಗಿ ಓಳಂಬದ ದಾರ ಇಳಿಬಿಟ್ಟು ನೆಟ್ಟಗಿವೆಯೇ ನೋಡಲಿ. ನನ್ನ ಸಿಟ್ಟು ಬೇರೆ ಕಡೆಯದು, ಅದನ್ನು ಬರೆಯಲಿಕ್ಕೇ ಕುಳಿತಿದ್ದೇನೆ.

ನಮ್ಮೂರಲ್ಲಿ ದೊಡ್ಡಾಟ ಆಡುತ್ತೇವೆ. ಮೆಣಸಿನಕಾಯಿ ಹರಿದು, ಒಣಗಿಸಿ, ಪೇಟೆಗೆ ಕಳಿಸಿದ ಮೇಲೆ ಕಪ್ಪು ಮಣ್ಣಿನ ಎರಿ ಹೊಲಕ್ಕೂ ನಮಗೂ ಸ್ವಲ್ಪ ಉಸಿರು ಸಿಗುತ್ತದೆ. ಆಗ ಚಾವಡಿಯ ಮುಂದಿನ ಬಯಲಿನಲ್ಲಿ ಅಟ್ಟ ಕಟ್ಟುತ್ತೇವೆ. ಅಟ್ಟ ಅಂದರೆ ಆಟ ಆಡುವ ಕಟ್ಟಿಗೆಯ ರಂಗ, ಆಳೆತ್ತರದ್ದು. ಅದಕ್ಕೆ ಹಲಗೆ ಹೊರಗಿನಿಂದ ತರುವ ಪದ್ಧತಿ ಇಲ್ಲ. ಮನೆಗೊಂದು ಹಲಗೆ ಬರಬೇಕು. ಒಬ್ಬರು ಹಳೆಯ ಬಾಗಿಲು ಕಿತ್ತು ತರುತ್ತಾರೆ, ಒಬ್ಬರು ಚಕ್ಕಡಿಯ ಹಲಗೆ, ಇನ್ನೊಬ್ಬರು ಮಂಚದ ಹಲಗೆ. ಯಾವುದು ಯಾರದು ಎಂದು ತಿಳಿಯಲು ಸುಣ್ಣದ ಗುರುತು ಹಾಕುತ್ತೇವೆ. ಎಲ್ಲ ಬೇರೆ ಬೇರೆ ಮರ, ಬೇರೆ ಬೇರೆ ದಪ್ಪ. ಮೇಲೆ ಗೆಜ್ಜೆ ಕಟ್ಟಿದವರು ಕುಣಿದರೆ ಒಂದೊಂದು ಹಲಗೆ ಒಂದೊಂದು ದನಿಯಲ್ಲಿ ಗುಡುಗುತ್ತದೆ. ಕೆಳಗೆ ಕುಳಿತ ಮುದುಕಿಯರು ಕಿವಿಯಿಂದಲೇ ಗುರುತು ಹಿಡಿಯುತ್ತಾರೆ. ‘ಕೇಳ್ರ‍್ಯಾ, ಈಗ ಬಂತಲ್ಲ, ಅದು ನಮ್ಮ ದನದ ಮನಿ ಬಾಗಲಾ!’ ಎಂದು ನಮ್ಮ ಅವ್ವ ಬಾಜು ಕುಳಿತವರ ತೊಡೆ ತಟ್ಟಿ ಹೇಳುತ್ತಿದ್ದಳು. ಅವಳು ಜೀವಮಾನದಲ್ಲಿ ಒಮ್ಮೆಯೂ ಅಟ್ಟ ಹತ್ತಿದವಳಲ್ಲ. ಆದರೂ ಆಟ ಅವಳದಾಗಿತ್ತು.

ಆಟದಲ್ಲಿ ಸಾರಥಿ ಎನ್ನುವವನೊಬ್ಬ ಇರುತ್ತಾನೆ. ಕೈಯಲ್ಲಿ ಕೆಂಪು, ಹಳದಿ ಪಟ್ಟೆ ಬಳಿದ ಬೆತ್ತ. ಯಾವ ಪಾತ್ರ ಬಂದರೂ, ದೇವರು ಬರಲಿ, ರಾಕ್ಷಸ ಬರಲಿ, ಆತ ಬೆತ್ತ ಎತ್ತಿ ದಾರಿಗೆ ಅಡ್ಡ ನಿಲ್ಲುತ್ತಾನೆ. ‘ಭಳಿರೆ! ಈ ಸಭಾಸ್ಥಾನಕ್ಕೆ ದಯಮಾಡಿಸಿದ ಧೀರರು ತಾವು ಧಾರು? ನಾಮಧೇಯವೇನು, ಪಟ್ಟಣವಾವುದು, ಬಂದ ಕಾರ್ಯಾರ್ಥವೇನು?’ ಎಂದು ಕೇಳುತ್ತಾನೆ. ಪಾತ್ರದವನು ಸಾವಕಾಶವಾಗಿ, ಕುಣಿದು, ಹಾಡಿ, ತಾನು ಯಾರೆಂದು ಹೇಳಬೇಕು. ಹೇಳುವವರೆಗೆ ಅವನು ಯಾರೂ ಅಲ್ಲ, ಬರೀ ಬಣ್ಣ ಹಚ್ಚಿಕೊಂಡ ಮನುಷ್ಯ. ಉತ್ತರ ಬರುವವರೆಗೆ ಸಾರಥಿ ಬೆತ್ತ ಇಳಿಸುವಂತಿಲ್ಲ. ಇದು ನಮ್ಮೂರ ಕಟ್ಟಳೆ.

ನಮ್ಮ ಸಾರಥಿ ಊರಂಚಿನ ಕೇರಿಯವನು. ಅವರ ಮನೆಯಲ್ಲಿ ಈಗ ಬುದ್ಧನ ಪಟ ಇದೆ. ಆತ ದುಡಿದದ್ದು ಪಂಚಾಯಿತಿಯ ನೀರಿನ ಟಾಕಿಯ ಹತ್ತಿರ, ನಳ ಬಿಡುವ ಕೆಲಸ. ನನಗೆ ಕಾಕಾ, ಊರಿಗೆಲ್ಲ ಕಾಕಾ. ಆತನ ಅಪ್ಪ ಗೌಡರ ಮನೆಯ ಕಟ್ಟೆಯ ಕೆಳಗೆ ನಿಂತು ಮಾತಾಡಿದವನು. ಗೌಡರ ಮಗ ಒಂದು ವರ್ಷ ಆಟದಲ್ಲಿ ಸೇನಾಧಿಪತಿಯ ಪಾತ್ರ ಮಾಡಿದ. ಕಾಕಾ ಬೆತ್ತ ಎತ್ತಿ ‘ತಾವು ಧಾರು?’ ಎಂದು ಕೇಳಿದ. ಗೌಡರ ಮಗ ಹೇಳಬೇಕಾಯಿತು. ಬೆವರಿ, ತೊದಲಿ, ಎರಡು ಸಲ ತಪ್ಪಿ ಹೇಳಿದ. ಕಾಕಾ ನಡುವೆ ತಿದ್ದಿದ. ಮರುದಿನ ಬೆಳಿಗ್ಗೆ ಗೌಡರ ಮಗ ನೀರಿನ ಟಾಕಿಗೆ ಬಂದು, ‘ಕಾಕಾ, ನಿನ್ನಿ ಭಾಳ ತಪ್ಪಿದ್ನೇನೋ?’ ಎಂದು ಕೇಳಿದನಂತೆ. ಅದಕ್ಕೆ ಮೊದಲು ಆ ಮನೆಯವರು ಆತನನ್ನು ಕರೆಯುತ್ತಿದ್ದದ್ದು ‘ಏ ಇವನ’ ಎಂದು.

ಇದನ್ನು ಯಾವ ಕಾನೂನು ಮಾಡಿತು? ಯಾವ ಯೋಜನೆ ಮಾಡಿತು? ಹಲಗೆಯ ಅಟ್ಟ ಮಾಡಿತು. ಬದುವಿನ ಜಗಳದಲ್ಲಿ ಮಾತು ಬಿಟ್ಟ ಇಬ್ಬರನ್ನು ಆಟದಲ್ಲಿ ಅಣ್ಣತಮ್ಮ ಮಾಡಿ, ಎರಡು ತಿಂಗಳು ತಾಲೀಮಿನಲ್ಲಿ ‘ಅಣ್ಣಯ್ಯಾ’, ‘ಅನುಜಾ’ ಎಂದು ಕರೆಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಮೊದಲು ಒಬ್ಬರ ಮುಖ ಒಬ್ಬರು ನೋಡದೆ, ಮದ್ದಲೆಯನ್ನು ನೋಡಿಕೊಂಡು ‘ಅಣ್ಣಯ್ಯಾ’ ಅನ್ನುತ್ತಿದ್ದರು. ಆಟದ ಹೊತ್ತಿಗೆ ಇಬ್ಬರೂ ಒಂದೇ ಬೀಡಿ ಸೇದುತ್ತಿದ್ದರು.

ನನಗೆ ಅಟ್ಟ ಏನು ಮಾಡಿತೆಂದರೆ, ಬಾಯಿ ಕೊಟ್ಟಿತು. ಹೊರಗೆ ನನ್ನಂಥವನಿಗೆ ‘ಯಾರು ನೀನು’ ಎಂದು ಕೇಳುವವರು ಬಹಳ. ಕಚೇರಿಯ ಬಾಗಿಲಲ್ಲಿ ಕೇಳುತ್ತಾರೆ, ದವಾಖಾನೆಯಲ್ಲಿ ಕೇಳುತ್ತಾರೆ, ನಾನೇ ಕಟ್ಟಿದ ಬಂಗಲೆಯ ಗೇಟಿನಲ್ಲಿ ಕಾವಲಿನವನು ಕೇಳುತ್ತಾನೆ. ಉತ್ತರ ಅವರಿಗೆ ಬೇಕಾಗಿರುವುದಿಲ್ಲ. ಆಚೆ ಸರಿ ಎನ್ನುವುದನ್ನೇ ಹಾಗೆ ಹೇಳುತ್ತಾರೆ. ಉತ್ತರ ಬೇಕೆಂದು ಕೇಳಿ, ಬೆತ್ತ ಹಿಡಿದು, ನಾನು ಮುಗಿಸುವವರೆಗೆ ಕಾಯುವ ಒಬ್ಬನೇ ಒಬ್ಬ ಈ ಭೂಮಿಯ ಮೇಲಿದ್ದರೆ ಅದು ಸಾರಥಿ. ಆದರೆ ಆತ ಕೇಳುವುದು ಮುಖ್ಯ ಪಾತ್ರಗಳನ್ನು. ಶಾಲೆ ಬಿಟ್ಟ ವರ್ಷವೇ ನನ್ನನ್ನು ದೂತನ ಪಾತ್ರಕ್ಕೆ ಹಾಕಿದರು. ದೂತನನ್ನು ಯಾರೂ ಕೇಳುವುದಿಲ್ಲ. ಅವನು ಓಡಿ ಬಂದು ಸುದ್ದಿ ಹೇಳಿ ಓಡಿ ಹೋಗುತ್ತಾನೆ. ಮೀಸೆ ಬಂದಿತು, ಮದುವೆಯಾಯಿತು, ಮೀಸೆ ಬೆಳ್ಳಗಾಯಿತು, ನಾನು ದೂತನಾಗಿಯೇ ಓಡುತ್ತಿದ್ದೆ.

ನಮ್ಮ ಹಳೆಯ ರಾಜ ಒಬ್ಬ ರೈತ, ಒಳ್ಳೆಯ ಕಂಠದವನು. ಮೂರು ಮಳೆಗಾಲದ ಹಿಂದೆ ತೀರಿಕೊಂಡ. ಹಿರಿಯರು ಚಾವಡಿಯಲ್ಲಿ ಕೂತರು. ಕಾಕಾ ನನ್ನ ಕಡೆ ಬೆತ್ತ ತೋರಿಸಿ, ‘ಇಂವ ಭಾಳ ವರ್ಷ ಓಡ್ಯಾನ. ಇನ್ನ ನಿಂದರ್ಲಿ’ ಎಂದ. ಅಷ್ಟೇ. ನಾನು ರಾಜನಾದೆ.

ಮಾತು ಕಲಿತದ್ದು ಕೆಲಸದ ಮೇಲೆ. ನಮ್ಮಲ್ಲಿ ಪಾಠ ಕಿವಿಯಿಂದ ಕಿವಿಗೆ. ಸರಪಳಿಯ ಹಾಗೆ ಒಂದು ಮಾತು ಇನ್ನೊಂದನ್ನು ಎಳೆಯುತ್ತದೆ, ನಡುವಿನಿಂದ ಹಿಡಿದರೆ ಬರುವುದಿಲ್ಲ. ಗೋಡೆಗೆ ಕಟ್ಟಿದ ಅಟ್ಟಣಿಗೆಯ ಮೇಲೆ ನಿಂತು ಸಿಮೆಂಟಿನ ಗಿಲಾವು ಹೊಡೆಯುತ್ತ ನಾನು ದೊಡ್ಡ ದನಿಯಲ್ಲಿ ನನ್ನ ರಾಜ್ಯ, ನನ್ನ ವಂಶ, ನನ್ನ ಕೀರ್ತಿ ಹೇಳಿಕೊಳ್ಳುತ್ತಿದ್ದೆ. ಕೆಳಗೆ ಮಾಲು ಕಲಸುವ ಹೆಂಗಸರು ನಗುತ್ತಿದ್ದರು. ‘ಮಹಾರಾಜರ, ಸಿಮಿಟ್ ಬ್ಯಾಡೇನ್ರಿ? ಗಟ್ಟಿ ಆಗಾಕ ಹತ್ತೇತ್ರಿ!’ ಮನೆಯಲ್ಲಿ ಹೆಂಡತಿ ಬೇರೆ. ‘ನಿಮ್ಮ ರಾಜ್ಯದಾಗ ಬಚ್ಚಲ ಮನಿ ಸೋರಾಕ ಹತ್ತಿ ವರ್ಷ ಆತು. ಮದಲ ಅದನ್ನ ಗೆಲ್ರಿ.’ ಆದರೆ ರಾತ್ರಿ ಊಟಕ್ಕೆ ಬಡಿಸುತ್ತ, ನಾನು ಒಂದು ಸಾಲು ಮರೆತು ತಡವರಿಸಿದರೆ ಮುಂದಿನದನ್ನು ಅವಳೇ ಅನ್ನುತ್ತಿದ್ದಳು, ರೊಟ್ಟಿ ತಾಟಿಗೆ ಹಾಕುತ್ತ, ಏನೂ ಆಗದವರ ಹಾಗೆ.

ಆಟಕ್ಕೆ ತಾಲೀಮು ನಡೆದಿರುವಾಗಲೇ ಸಾಹೇಬರು ಬಂದರು. ಯಾವುದೋ ಒಂದು ಇಲಾಖೆಯವರು, ಜೀಪಿನಲ್ಲಿ. ನಾನು ಅಟ್ಟಣಿಗೆಯ ಮೇಲಿದ್ದೆ.

‘ಇಲ್ಲೆ ದೊಡ್ಡಾಟದ ಕಲಾತಂಡದ ಮುಖ್ಯಸ್ಥರು ಯಾರ್ರೀ?’

‘ಕಲಾತಂಡ ಯಾವುದೂ ಇಲ್ರಿ ಸಾಹೇಬ್ರ. ಊರ ಆಡ್ತೈತ್ರಿ.’

‘ಅದ ಅದ. ನಮ್ಮ ಸಂಸ್ಕೃತಿ ಕಾರ್ಯಕ್ರಮ ಐತಿ, ಪಟ್ಟಣದಾಗ. ನೀವು ಬರಬೇಕು. ಎಷ್ಟ ಮಂದಿ ಆಗ್ತೀರಿ?’

‘ಹಲಗಿ ಕೊಟ್ಟವರನ್ನ ಹಿಡದ್ರ ಊರೆಲ್ಲಾ ಆಗ್ತೇವ್ರಿ.’

‘ಛೇ ಛೇ, ಹದಿನೈದ ಮಂದಿ ಸಾಕು. ವೇಷ ಅಗದಿ ಚಂದ ಇರಬೇಕು. ಹತ್ತ ನಿಮಿಷ.’

‘ಹತ್ತ ನಿಮಿಷದಾಗ ನಮ್ಮ ಮದ್ದಲಿ ಶ್ರುತಿಗೂ ಬರೂದಿಲ್ಲಲ್ರಿ.’

ಸಾಹೇಬರು ನಕ್ಕರು. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ. ದೊಡ್ಡ ದೊಡ್ಡವರು ಬರ್ತಾರ. ನಿಮ್ಮ ಕಲೆಗೆ ಇದೊಂದು ಅವಕಾಶ.’

ಅವಕಾಶ! ಆ ಮಾತು ಊರಿನ ತಲೆ ತಿರುಗಿಸಿತು. ಪಟ್ಟಣದಲ್ಲಿ ಆಡಿ ಬಂದರೆ ಊರಲ್ಲಿ ಹುಡುಗರೂ ಮುಂದೆ ಬರುತ್ತಾರೆ ಎಂದು ಹಿರಿಯರು ಲೆಕ್ಕ ಹಾಕಿದರು. ಮೊದಲು ಅಲ್ಲಿ, ಆಮೇಲೆ ಊರಲ್ಲಿ ಎಂದರು. ಮದ್ದಲೆ ಬಾರಿಸುವ ಗೆಳೆಯನ ಹೊಲಿಗೆ ಅಂಗಡಿಯಲ್ಲಿ ಕೂತು ಆಟವನ್ನು ಹತ್ತು ನಿಮಿಷಕ್ಕೆ ಇಳಿಸತೊಡಗಿದೆವು. ಅಂಗಿ ಕತ್ತರಿಸಿದ ಹಾಗೆ.

‘ಯುದ್ಧ ತಗೀರಿ’ ಎಂದ ಒಬ್ಬ.

‘ಮದವಿ ತಗೀರಿ. ಮದವಿ ತಗದ್ರ ಯುದ್ಧ ತಾನ ನಿಲ್ತೈತಿ’ ಎಂದ ಮದ್ದಲೆಯವನು, ಸೂಜಿಗೆ ದಾರ ಪೋಣಿಸುತ್ತ.

ನಕ್ಕೆವು. ಮದುವೆ ತೆಗೆದೆವು, ಯುದ್ಧ ತೆಗೆದೆವು, ರಾಣಿಯ ಶೋಕ ತೆಗೆದೆವು, ದೂತನನ್ನೂ ತೆಗೆದೆವು. ಆದರೆ ಗಣಪತಿಯ ಪದ, ಸಾರಥಿಯ ಪ್ರವೇಶ, ಸಾರಥಿ ರಾಜನನ್ನು ಕೇಳುವುದು, ಇವುಗಳನ್ನು ತೆಗೆಯಬೇಕೆಂದು ಒಬ್ಬನಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಪಾಯ ತೆಗೆದು ಮನೆ ಕಟ್ಟು ಎಂದು ಯಾರಾದರೂ ಅಂದರೆ ನನಗೆ ಹೊಳೆದೀತೇ? ಯಾರು ಎಂದು ಕೇಳದೆ ಮನುಷ್ಯನನ್ನು ಅಟ್ಟದ ಮೇಲೆ ನಿಲ್ಲಿಸುವುದು ನಮ್ಮೂರಲ್ಲಿ ಇಲ್ಲ. ನಮ್ಮ ಲೆಕ್ಕ ತಪ್ಪಿದ್ದು ಅಲ್ಲಿ. ಪಟ್ಟಣದವರಾಗಿದ್ದರೆ ನೇರ ಯುದ್ಧಕ್ಕೇ ಇಳಿದು, ನಾಲ್ಕು ಗಿರಕಿ ಹೊಡೆದು, ಚಪ್ಪಾಳೆ ತಗೊಂಡು ಬರುತ್ತಿದ್ದರು.

ಆ ದಿನ ಬೆಳಿಗ್ಗೆಯೇ ಟೆಂಪೋದಲ್ಲಿ ಹೋದೆವು. ಕಾರ್ಯಕ್ರಮ ಸಂಜೆಗೆ. ಆದರೆ ಬೆಳಿಗ್ಗೆ ಮೆರವಣಿಗೆ ಇದೆ, ಅದಕ್ಕೂ ವೇಷ ಬೇಕು ಎಂದು ಅಲ್ಲಿ ಹೋದ ಮೇಲೆ ಹೇಳಿದರು. ಬಿಸಿಲಲ್ಲಿ ಬಣ್ಣ ಹಚ್ಚಿಕೊಂಡೆವು. ನಮ್ಮ ಕಿರೀಟ ಕಟ್ಟಿಗೆಯದು, ಕನ್ನಡಿ ಚೂರು ಅಂಟಿಸಿದ್ದು, ಕೂತು ಹಾಕಿಕೊಳ್ಳುವಂಥದ್ದಲ್ಲ. ಹಾಕಿಕೊಂಡು ನಡೆದೆವು, ನಿಂತೆವು. ಅತಿಥಿಗಳು ತಡ, ಮತ್ತೆ ನಿಂತೆವು. ಕಾಕಾನ ವಯಸ್ಸು ನೋಡಿಯಾದರೂ ಒಬ್ಬರು ಒಂದು ಕುರ್ಚಿ ಕೊಡಬಹುದಿತ್ತು. ಕುರ್ಚಿಗಳು ಇದ್ದವು, ಸಾಲು ಸಾಲು ಖಾಲಿ. ಅವಕ್ಕೆಲ್ಲ ‘ಗಣ್ಯರು’ ಎಂಬ ಚೀಟಿ ಅಂಟಿಸಿದ್ದರು.

ಸಂಜೆ ಭಾಷಣಗಳು. ಮುಖ್ಯ ಅತಿಥಿ ಮಾತಾಡಿದರು. ಸಂಸ್ಕೃತಿ ಇಲ್ಲದ ಸಮಾಜ ಬೇರಿಲ್ಲದ ಮರ ಎಂದರು. ಜನಪದ ಕಲೆಗಳನ್ನು ಉಳಿಸುವುದು ಎಲ್ಲರ ಹೊಣೆ ಎಂದರು. ತಾವೂ ಸಣ್ಣವರಿದ್ದಾಗ ತಮ್ಮೂರ ಆಟದಲ್ಲಿ ಕುಣಿದವರು ಎಂದರು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ, ಯಾಕೆ ಸುಳ್ಳು ಹೇಳಲಿ. ಮಾತು ಚೆನ್ನಾಗಿತ್ತು. ಮತ್ತೆ ಬಹಳ ಉದ್ದವೂ ಇತ್ತು. ಅವರ ನಂತರ ಇನ್ನೊಬ್ಬರು, ಮತ್ತೊಬ್ಬರು, ಎಲ್ಲರೂ ಕಲೆಯನ್ನು ಉಳಿಸಿದರು. ಉಳಿಸಿ ಇಳಿದು ಬಂದ ಮುಖ್ಯ ಅತಿಥಿ ನಮ್ಮ ಮುಂದೆ ಹಾದರು. ನನ್ನ ಕಿರೀಟ ಮುಟ್ಟಿ, ‘ತಲಿಗೆ ಭಾರ ಆಗಂಗಿಲ್ಲೇನು?’ ಎಂದರು. ಬಾಜು ನಿಂತು ಫೋಟೋ ತೆಗೆಸಿಕೊಂಡರು. ಹೋದರು. ಅವರ ಕಾರು ಹೊರಡಲು ನಾವು ಗೋಡೆಗೆ ಒತ್ತಿ ದಾರಿ ಬಿಡಬೇಕಾಯಿತು. ನಾವು ಕುಣಿಯುವುದು ಇನ್ನೂ ಬಾಕಿ ಇತ್ತು.

ಸಾಹೇಬರು ಓಡಿ ಬಂದರು. ‘ಟೈಮ್ ಭಾಳ ಆಗೇತ್ರಿ. ಇನ್ನೂ ಸ್ವಲ್ಪ ಲಗೂ ಮುಗಸ್ರಿ.’

ಕಲೆಯನ್ನು ಉಳಿಸುವ ಮಾತಿಗೆ ಕಲೆಯ ಹೊತ್ತು ಖರ್ಚಾಗಿತ್ತು. ಇದನ್ನು ಆಗ ಹೇಳಬೇಕಿತ್ತು, ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಹತ್ತಿದೆವು. ವೇದಿಕೆ ಸಿಮೆಂಟಿನದು, ಮೇಲೆ ದಪ್ಪ ಜಮಖಾನ. ನಾನು ಮೊದಲ ಹೆಜ್ಜೆ ಬಲವಾಗಿ ಇಟ್ಟೆ, ಸಪ್ಪಳವೇ ಇಲ್ಲ. ಹತ್ತಿಯ ಅಂಡಿಗೆಯ ಮೇಲೆ ನಿಂತ ಹಾಗೆ. ಗಣಪತಿಯ ಪದ ಮುಗಿಯಿತು. ಕಾಕಾ ಬಂದ, ತನ್ನ ಕುಣಿತ ಮುಗಿಸಿದ. ಪರದೆ ಸರಿಯಿತು, ನಾನು ಬಂದೆ. ಆತ ಬೆತ್ತ ಎತ್ತಿದ. ಅಷ್ಟು ಹೊತ್ತು ಬಿಸಿಲಲ್ಲಿ ನಿಂತ ಮುದುಕನ ದನಿ ಹೇಗೆ ಬಂತೋ, ಕಂಚಿನ ಹಾಗೆ ಬಂತು.

‘ಭಳಿರೆ! ಈ ಸಭಾಸ್ಥಾನಕ್ಕೆ ದಯಮಾಡಿಸಿದ ಧೀರರು ತಾವು ಧಾರು?’

ನಾನು ಎದೆ ತುಂಬ ಉಸಿರು ತೆಗೆದುಕೊಂಡೆ. ಶಾಲೆ ಬಿಟ್ಟ ವರ್ಷದಿಂದ ಕಾಯ್ದ ಮಾತು. ಬಾಯಿ ತೆರೆದೆ.

‘ವಾವ್! ಎಷ್ಟು ಅದ್ಭುತ ಅಲ್ವಾ! ನಮ್ಮ ಗ್ರಾಮೀಣ ಸೊಗಡು! ಕಲಾವಿದರಿಗೆ ಜೋರಾದ ಚಪ್ಪಾಳೆ ಬರಲಿ!’

ನಿರೂಪಣೆ ಮಾಡುವ ಹುಡುಗಿ ಮೈಕು ಹಿಡಿದು ನಮ್ಮ ನಡುವೆ ಬಂದು ನಿಂತಿದ್ದಳು. ನಮ್ಮ ಮೈಕು ಆರಿಸಿದ್ದರು. ಮದ್ದಲೆಯವನ ಕೈ ಗಾಳಿಯಲ್ಲಿ ನಿಂತಿತು. ಚಪ್ಪಾಳೆ ಬಂತು. ನನಗೆ ತಿಳಿಯಿತು, ಮುಗಿಯಿತು ಎಂದು. ಕಾಕಾನಿಗೆ ತಿಳಿಯಲಿಲ್ಲ. ಆತ ಬೆತ್ತ ಎತ್ತಿಕೊಂಡೇ ನಿಂತಿದ್ದ. ಚಪ್ಪಾಳೆ ಅಡಗಿದ ಮೇಲೆ, ನನಗೆ ಕೇಳಿಸಿಲ್ಲವೇನೋ ಎಂದು, ಮೈಕಿಲ್ಲದೆ ಇನ್ನೊಮ್ಮೆ ಕೇಳಿದ. ‘ತಾವು ಧಾರು?’

‘ಅಜ್ಜಾ, ಆಯ್ತು, ಆಯ್ತು. ಕೆಳಗೆ ಬನ್ನಿ.’

‘ತಡೀರಿ ತಂಗಿ. ಇನ್ನ ಉತ್ತರ ಬಂದಿಲ್ಲ.’

ಅವಳು ಮೈಕಿನಲ್ಲೇ ನಕ್ಕಳು. ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿ ಒಬ್ಬ, ಕೈಯಲ್ಲಿದ್ದ ಫೋನು ಎತ್ತಿ ಹಿಡಿದು, ‘ಅಜ್ಜಾ, ಒನ್ಸ್ ಮೋರ್!’ ಎಂದು ಕೂಗಿದ. ಹಿಂದೆ ಆಗಲೇ ರೆಕಾರ್ಡ್ ಮಾಡಿದ ಹಾಡು ಹತ್ತಿತ್ತು, ಬಾಡಿಗೆಯ ಇಳಕಲ್ ಸೀರೆ ಉಟ್ಟ ಹುಡುಗಿಯರು ಕೊಡ ಹಿಡಿದು ಬರುತ್ತಿದ್ದರು. ನಾನು ಕಾಕಾನ ರಟ್ಟೆ ಹಿಡಿದು ಇಳಿಸಿದೆ. ಬೆತ್ತ ಹಿಡಿದ ಕೈಯನ್ನು ಆತ ಕೆಳಗೆ ಮಾಡಲಿಲ್ಲ.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳ ಕೈಯಲ್ಲಿ ಗಡಿಯಾರ ಕೊಟ್ಟಿದ್ದರು. ಸಿಟ್ಟು ನಗುವಿನ ಮೇಲೆ. ಎಪ್ಪತ್ತು ದಾಟಿದ ಮನುಷ್ಯ, ಅಪ್ಪ ಕಟ್ಟೆ ಹತ್ತದ ಕೇರಿಯಿಂದ ಬಂದವನು, ರಾಜರನ್ನು ನಿಲ್ಲಿಸಿ ಕೇಳುವ ಅಧಿಕಾರವನ್ನು ಕಂಠದಿಂದ ಗಳಿಸಿದವನು, ಉತ್ತರಕ್ಕೆ ಕಾಯುತ್ತ ನಿಂತಿದ್ದಾನೆ. ಅದು ನಗುವ ಸಂಗತಿಯೇ? ಸಂಸ್ಕೃತಿ, ಸಂಸ್ಕೃತಿ ಎಂದು ಮೂರು ತಾಸು ಕೂಗಿದ ಮಂದಿ ಅದು ಎದುರಿಗೆ ಬಂದು ‘ನೀವು ಯಾರು’ ಎಂದು ಕೇಳಿದಾಗ ಹಲ್ಲು ಕಿರಿದರು. ಇವರಿಗೆ ಬೇಕಾದದ್ದು ಬಣ್ಣ. ಬಣ್ಣದ ಒಳಗಿನ ಮನುಷ್ಯ ಮಾತಾಡಿದರೆ ಇವರಿಗೆ ಟೈಮ್ ಆಗುತ್ತದೆ.

ಹೊರಡುವಾಗ ಎಲ್ಲರಿಗೂ ಒಂದೊಂದು ಶಾಲು, ಒಂದೊಂದು ಪ್ರಮಾಣಪತ್ರ. ನೋಡಿದರೆ ಹೆಸರಿನ ಜಾಗ ಖಾಲಿ.

‘ಹೆಸರ ಬರದಿಲ್ಲಲ್ರಿ?’

‘ನೀವ ಬರಕೋರಿ, ಅದಕ್ಕೇನು’ ಎಂದರು ಸಾಹೇಬರು, ಇನ್ನೊಬ್ಬರ ಕಡೆ ಓಡುತ್ತ.

ಟೆಂಪೋ ಹತ್ತಿ ಊರಿಗೆ ಹೊರಟೆವು. ಮದ್ದಲೆಯವನು ಒಮ್ಮೆ, ‘ಹತ್ತ ನಿಮಿಷದ ರಾಜಾ, ಎಲ್ಲಿಗೆ ಬಂತು ನಿನ್ನ ಸವಾರಿ?’ ಎಂದು ನನ್ನನ್ನು ಕೆಣಕಿದ. ಯಾರೂ ನಗದಿದ್ದಕ್ಕೆ ಮದ್ದಲೆಯ ಹಗ್ಗ ಬಿಗಿಯತೊಡಗಿದ. ಕಾಕಾ ಬೆತ್ತವನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದು ಕೂತಿದ್ದ. ಊರು ಬಂದಾಗ ನಾನು ಕೈಚಾಚಿದೆ, ‘ಕೊಡು ಕಾಕಾ, ಪೆಟ್ಟಿಗ್ಯಾಗ ಇಡ್ತೀನಿ.’

‘ನಾ ಕೇಳಿದ್ದು ಕೇಳಿಸಿತೋ ಇಲ್ಲೋ ನಿನಗ?’

‘ಕೇಳಿಸಿತು ಕಾಕಾ.’

‘ಹಂಗಾದ್ರ ಬೆತ್ತ ಹೆಂಗ ಇಳಸ್ಲಿ?’

ತಮಾಷೆ ಎಂದುಕೊಂಡೆ. ಅಲ್ಲ. ಮರುದಿನ ಆತ ಬೆತ್ತ ಹಿಡಿದೇ ಚಹದ ಅಂಗಡಿಗೆ ಬಂದ. ಸಂತೆಗೆ ಹೋದ, ಬೆತ್ತ ಹಿಡಿದು. ಬಸ್ಸಿನಲ್ಲಿ ಕಂಡಕ್ಟರ್, ‘ಅಜ್ಜಾರ, ಬೆತ್ತಕ್ಕ ಬ್ಯಾರೆ ಟಿಕೀಟ್ ತಗೀಬೇಕಾಗ್ತೈತಿ ನೋಡ್ರಿ’ ಎಂದನಂತೆ. ಮೊಮ್ಮಗಳ ಶಾಲೆಗೆ ಹೋದಾಗ ಗುರುಗಳು ‘ಯಾಕ್ರಿ ಇದು?’ ಎಂದರೆ, ‘ಒಬ್ಬಾಂವಗ ಒಂದ ಮಾತ ಕೇಳೇನ್ರಿ, ಅಂವ ಇನ್ನ ಹೇಳಿಲ್ಲ’ ಎಂದನಂತೆ. ಊರಲ್ಲಿ ಕೆಲವರು ಮುದುಕನಿಗೆ ಅರಳುಮರಳು ಎಂದರು. ನಾನು ಮಾತ್ರ ಆ ಬೆತ್ತ ಕಂಡಾಗಲೆಲ್ಲ ಬೇರೆ ಓಣಿ ಹಿಡಿಯುತ್ತಿದ್ದೆ. ಅಟ್ಟಣಿಗೆಯ ಮೇಲೆ ಹಾಡುವುದು ನಿಂತುಹೋಯಿತು. ಕೆಳಗಿನ ಹೆಂಗಸರು ಚೇಷ್ಟೆ ಮಾಡುವುದನ್ನೂ ಬಿಟ್ಟರು. ಆ ವರ್ಷ ಊರಲ್ಲಿ ಆಟ ಆಗಲಿಲ್ಲ. ವೇಷ ಪೆಟ್ಟಿಗೆ ಸೇರಿತು. ಹುಡುಗರು ಮುಂದೆ ಬರುತ್ತಾರೆ ಎಂದಿದ್ದೆವಲ್ಲ, ಬಂದರು, ಕಾಕಾ ‘ಉತ್ತರ ಬಂದಿಲ್ಲ’ ಎಂದದ್ದನ್ನು ಫೋನಿನಲ್ಲಿ ತೋರಿಸಿ ನಗಲಿಕ್ಕೆ.

ಮುಂದಿನ ವರ್ಷ ಸಾಹೇಬರ ಫೋನು ಬಂತು. ಮತ್ತೊಂದು ಮೆರವಣಿಗೆ. ‘ಈ ಸಲ ನಿಮಗ ತ್ರಾಸ ಇಲ್ರಿ. ಮಾತ ಬ್ಯಾಡ, ಹಾಡ ಬ್ಯಾಡ. ಬರೇ ವೇಷ ಹಾಕ್ಕೊಂಡ ನಡದ್ರ ಸಾಕು.’

ಹೊಲಿಗೆ ಅಂಗಡಿಯಲ್ಲಿ ಸೇರಿದೆವು. ಮದ್ದಲೆಯವನು ಹೋಗೋಣ ಎಂದ. ‘ಒಂದ ದಿನರ ವೇಷ ಗಾಳಿಗೆ ಬರ್ತಾವು. ಪೆಟ್ಟಿಗ್ಯಾಗ ಇಟ್ರ ಹುಳಾ ತಿಂತಾವು. ಊರಾಗ ಯಾರ್ ನೋಡ್ತಾರ ಈಗ? ಅಲ್ಲೆರ ಮಂದಿ ಇರ್ತಾರ. ಹೋಗೂಣು ನಡೀರಿ.’

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಮೈ ಉರಿಯಿತು.

‘ಮಾತ ಬ್ಯಾಡಂತ! ಹಾಡ ಬ್ಯಾಡಂತ! ಅಂಗಡಿ ಮುಂದ ಸೀರಿ ಉಡಿಸಿ ನಿಂದರಸ್ತಾರಲ್ಲ ಗೊಂಬಿ, ಅದನ್ನ ಹೊತಗೊಂಡ ಹೋಗಂತ ಹೇಳಲೇ ಆ ಸಾಹೇಬಗ!’

‘ಯಾಕ ನನ್ನ ಮ್ಯಾಲೆ ಹಾರ್ತೀ? ನಿನಗ ರಾಜಾ ಆಗೂದು ತಪ್ಪಿದ್ದಕ್ಕ ಸಿಟ್ಟು ಐತಿ. ಊರ ಮಾತ ಆಡಬ್ಯಾಡ.’

ಬಾಗಿಲಲ್ಲಿ ಕಾಕಾ ನಿಂತಿದ್ದ, ಬೆತ್ತ ಸಮೇತ. ಎಷ್ಟು ಹೊತ್ತಿನಿಂದಲೋ.

‘ಖರೇ ಐತಿ. ಅವಗ ಅದ ಸಿಟ್ಟು’ ಎಂದ ಕಾಕಾ. ‘ಇರ್ಲಿ ಬಿಡು. ಅಷ್ಟರ ಸಿಟ್ಟು ಇದ್ದಾಂವ ಊರಾಗ ಒಬ್ಬ ಅದಾನ. ಮಂದಿ ಮನೀ ಮುಂದ ಕೈಕಟಗೊಂಡ ನಿಂದ್ರೂದು ನಮ್ಮಪ್ಪಗ ಮುಗೀತು. ನಾ ಮತ್ತ ಹೋಗಿ ಸುಮ್ನ ನಿಂದ್ರಾಂವಲ್ಲ. ನಾ ಕೇಳಾಂವ. ಹೇಳಾಂವ ಇದ್ರ ಅಟ್ಟ ಕಟ್ರಿ.’

ಮರುದಿನ ನಾನು ಕೆಲಸಕ್ಕೆ ಹೋಗಲಿಲ್ಲ, ಹಲಗೆ ಕೇಳಲು ಹೊರಟೆ. ಎಷ್ಟೋ ಮನೆಗಳಲ್ಲಿ ಒಂದೇ ಮಾತು. ‘ಯಾರ್ ನೋಡ್ತಾರೋ ಯಪ್ಪಾ? ಡಿಜೆ ತರಸ್ರಿ, ಹುಡುಗೂರರ ಕುಣೀತಾವು.’

‘ನೋಡಾಕ ಕರಿಯಾಕ ಬಂದಿಲ್ಲ’ ಎಂದೆ ನಾನು, ಪ್ರತಿ ಬಾಗಿಲಲ್ಲಿ, ಸಿಟ್ಟಿನಿಂದಲೇ. ‘ಹಲಗಿ ಕೇಳಾಕ ಬಂದೀನಿ.’

ಇದೊಂದನ್ನು ಊರಿಗೂ ಪಟ್ಟಣಕ್ಕೂ ತಿಳಿಸಲು ಆಗದೆ ನನ್ನ ಗಂಟಲು ಹರಿದಿದೆ. ನೋಡುವ ಮಂದಿಯನ್ನು ಎಲ್ಲಿಂದಲಾದರೂ ತಂದು ಕುರ್ಚಿ ಹಾಕಿ ಕೂಡಿಸಬಹುದು. ನನ್ನ ಬಾಗಿಲೂ ಅದರಲ್ಲಿದೆ ಎನ್ನುವ ಮುದುಕಿಯನ್ನು ಎಲ್ಲಿಂದ ತರುತ್ತೀರಿ? ಅವಳಿಲ್ಲದೆ ಊರು ಅಂದರೆ ಒಂದೇ ನಳದ ನೀರು ಕುಡಿಯುವ ಮನೆಗಳು, ಅಷ್ಟೇ. ಬದುವಿಗಾಗಿ ಹೊಡೆದಾಡುತ್ತವೆ, ಓಟಿಗಾಗಿ ಹೊಡೆದಾಡುತ್ತವೆ, ನಡುವೆ ಒಬ್ಬರನ್ನೊಬ್ಬರು ‘ಅಣ್ಣಯ್ಯಾ’ ಎನ್ನಲು ಒಂದು ನೆಪವೂ ಇಲ್ಲ.

ಒಂದು ಮನೆಯ ಮುಂದೆ ನಾನೇ ಪೆಚ್ಚಾದೆ. ಪಾಯದಿಂದ ಗಚ್ಚಿನವರೆಗೆ ನಾನೇ ಕಟ್ಟಿದ ಹೊಸ ಮನೆ. ಬಾಗಿಲು ಕಬ್ಬಿಣದ್ದು, ಕಿಟಕಿ ಅಲ್ಯುಮಿನಿಯಂ, ಮಂಚ ಸ್ಟೀಲಿನದು. ಇಡೀ ಮನೆಯಲ್ಲಿ ಒಂದು ತುಂಡು ಕಟ್ಟಿಗೆ ಇಲ್ಲ. ಮನೆಯಾಕೆ ಒಳಗೆಲ್ಲ ಹುಡುಕಿ, ಕೊನೆಗೆ ಒಂದು ಮಣೆ ತಂದು ಕೊಟ್ಟಳು. ಅವಳ ಮದುವೆಯಲ್ಲಿ ಕುಳಿತ ಮಣೆ. ‘ಇಷ್ಟ ಸಣ್ಣದು ನಡಿತೈತೇನ್ರಿ ಅಣ್ಣಾರ?’ ಎಂದಳು.

‘ನಡಿತೈತಿ ತಂಗೆವ್ವಾ’ ಎಂದೆ. ಸಂದು ತುಂಬಲು ಅಂಥದ್ದೂ ಬೇಕಾಗುತ್ತದೆ.

ಕೊಡದವರು ಕೊಡಲಿಲ್ಲ. ಸಾಲದ್ದಕ್ಕೆ ನನ್ನ ಅಟ್ಟಣಿಗೆಯ ಹಲಗೆಗಳನ್ನು ಹಾಕಿದೆ, ಸಿಮೆಂಟಿನ ಕಲೆ ಇದ್ದಂತೆಯೇ. ಮದ್ದಲೆಯವನು ಎರಡು ದಿನ ಮುಖ ತಿರುಗಿಸಿಕೊಂಡಿದ್ದವನು, ಮೂರನೆಯ ದಿನ ಬಟ್ಟೆ ಕತ್ತರಿಸುವ ತನ್ನ ಮೇಜಿನ ಹಲಗೆಯನ್ನೇ ತಲೆಯ ಮೇಲೆ ಹೊತ್ತು ತಂದು ದೊಪ್ಪನೆ ಹಾಕಿದ. ‘ತಗೋಲೇ ಹತ್ತ ನಿಮಿಷದ ರಾಜಾ. ನಾಳಿಂದ ನೆಲದಾಗ ಕೂತ ಅಂಗಿ ಕತ್ತರಸ್ತೀನಿ.’

ಹೊತ್ತು ಇಳಿಯುವ ಮೊದಲೇ ಆಟ ಹಿಡಿದೆವು. ಮಂದಿ ಬಹಳ ಇರಲಿಲ್ಲ. ಪಕ್ಕದ ಓಣಿಯಲ್ಲಿ ಯಾರದೋ ಮನೆಯ ಸಮಾರಂಭಕ್ಕೆ ಡಿಜೆ ಬಡಿಯುತ್ತಿತ್ತು. ಗಣಪತಿಯ ಪದ ಆಯಿತು. ಕಾಕಾ ಕುಣಿದು ಬಂದ. ಒಂದು ವರ್ಷ ಊರೆಲ್ಲ ಹೊತ್ತು ತಿರುಗಿದ ಬೆತ್ತ, ಬಣ್ಣ ಹೋಗಿ ಬರೀ ಬಿದಿರು ಕಾಣುತ್ತಿತ್ತು. ನಾನು ಹೆಜ್ಜೆ ಇಟ್ಟೆ, ಹಲಗೆ ಗುಡುಗಿತು. ಕೆಳಗಿನಿಂದ ಆ ಹೊಸ ಮನೆಯಾಕೆ, ‘ಅದು ನಮ್ಮ ಮಣೀನ ಇರಬೇಕು’ ಎಂದಳು. ಅಲ್ಲ, ಅದು ಮದ್ದಲೆಯವನ ಮೇಜು. ಇರಲಿ.

‘ತಾವು ಧಾರು?’

ಹೇಳಿದೆ. ನನ್ನ ಪಟ್ಟಣ ಹೇಳಿದೆ, ವಂಶ ಹೇಳಿದೆ, ಕೀರ್ತಿ ಹೇಳಿದೆ, ಬಂದ ಕಾರಣ ಹೇಳಿದೆ. ಒಂದು ಕಡೆ ತಡವರಿಸಿದೆ, ಮುಂದಿನ ಸಾಲು ಹೆಂಡತಿಯ ದನಿಯಲ್ಲಿ ಕೆಳಗಿನಿಂದ ಬಂತು. ಡಿಜೆಯವರು ಒಂದು ಹಾಡು ಮುಗಿಸಿ ಇನ್ನೊಂದು ಹಚ್ಚಿದರು, ಅದನ್ನೂ ಮುಗಿಸಿದರು, ನಾನು ಹೇಳುತ್ತಲೇ ಇದ್ದೆ. ಯಾರೂ ಮೈಕು ಕಸಿಯಲಿಲ್ಲ, ಮೈಕೇ ಇರಲಿಲ್ಲ. ಮುಗಿಸಿದಾಗ ಕಾಕಾ ಬೆತ್ತ ಇಳಿಸಿದ. ಇಳಿಸಿ, ಪಾತ್ರದ ಭಾಷೆ ಬಿಟ್ಟು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, ‘ಬೆತ್ತ ಎತ್ತಿ ಎತ್ತಿ ಕೈ ಹಿಡಕೊಂಡಿತ್ತಲೇ’ ಎಂದ.

ಸಿಟ್ಟು ಇಳಿದಿಲ್ಲ. ಕೆಲವು ಮನೆಗಳ ಹಲಗೆ ಇನ್ನೂ ಬರಬೇಕು, ಮತ್ತೆ ಕೇಳಲು ಹೋಗುತ್ತೇನೆ. ಮೆರವಣಿಗೆಗಳು ನಡೆದೇ ಇವೆ. ಸಾಹೇಬರಿಗೆ ಬೇರೆ ಊರಿನವರು ಸಿಕ್ಕಿದ್ದಾರೆ.

ಈಗ ನನ್ನ ಲೆಕ್ಕದಲ್ಲಿ ಇರುವುದು ಇಷ್ಟು. ಹಲಗೆ ಐವತ್ಮೂರು, ಅದರಲ್ಲಿ ಹದಿನೆಂಟು ನನ್ನವೇ. ಮಣೆ ಒಂದು. ಕಿರೀಟ ಒಂದು, ಭುಜಕೀರ್ತಿ ಎರಡು, ಎಡಗಡೆಯದರ ಕನ್ನಡಿ ಬಿದ್ದಿದೆ. ಗೆಜ್ಜೆ ಒಂದು ಜೋಡಿ. ಶಾಲು ಒಂದು, ಅದು ಸೋರುವ ಬಚ್ಚಲಿನ ಬಾಗಿಲಿಗೆ ಪರದೆಯಾಗಿದೆ. ಹೆಸರಿಲ್ಲದ ಪ್ರಮಾಣಪತ್ರ ಒಂದು. ಸಾರಥಿ ಒಬ್ಬ.